ಸೋಮವಾರದ ಸಭೆಯಲ್ಲಿ ಕೆಟ್ಟ ಸುದ್ದಿ
(ಕೊಡಂಗಲ್ಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುಪಾಠ)



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಇಲ್ಲವೇ ಶರಣರ ವಿಚಾರ ಎಂಬುದು ನಮ್ಮಲ್ಲಿ ರೂಢಿ. ಆದರೆ ಈ ದತ್ತಿ ಇಟ್ಟವರು ಅಡತಿ ಅಂಗಡಿಯಲ್ಲೇ ಆಯುಷ್ಯ ಕಳೆದವರು. ವ್ಯಾಪಾರ ನಡೆಸುವ ರೀತಿಯ ಬಗ್ಗೆಯೂ ಕನ್ನಡದಲ್ಲಿ ಮಾತಾಗಬೇಕು ಎಂಬುದು ಅವರ ಇಚ್ಛೆ. ಆ ಇಚ್ಛೆಗೆ ತಲೆಬಾಗಿ ನಾನು ಆರಿಸಿಕೊಂಡ ವಿಷಯ ನೋಡಲು ಬಹಳ ಸಣ್ಣದು. ಒಂದು ಬೇಳೆ ಗಿರಣಿಯನ್ನೋ, ಫರಸಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯನ್ನೋ, ರೈತರ ಕಂಪನಿಯನ್ನೋ ನಡೆಸುವ ಐದಾರು ಜನ ಮುಖ್ಯಸ್ಥರು ವಾರಕ್ಕೊಮ್ಮೆ ಕೂತು ಹೇಗೆ ಮಾತಾಡಬೇಕು ಎಂಬುದೇ ಆ ವಿಷಯ.

ಈ ನೆಲದ ವ್ಯಾಪಾರ ಹಳೆಯದು. 1874ರಲ್ಲಿ ವಾಡಿ–ಸಿಕಂದರಾಬಾದ್ ನಡುವೆ ರೈಲು ಓಡತೊಡಗಿದಾಗ ತಾಂಡೂರಿಗೆ ಹೊರಗಿನ ಪೇಟೆಯ ದಾರಿ ತೆರೆಯಿತು. 1956ರ ನವೆಂಬರ್ 1ರ ತನಕ ಕೊಡಂಗಲ್, ತಾಂಡೂರು ತಾಲೂಕುಗಳು ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ಜಹೀರಾಬಾದು, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿ. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ನಕ್ಷೆ ಬದಲಾಯಿತು, ಬೀಗತನ ಬದಲಾಗಲಿಲ್ಲ, ಬಾಕಿ ವಸೂಲಿಯೂ ಬದಲಾಗಲಿಲ್ಲ. ಇವತ್ತಿಗೂ ಸೇಡಂ, ಚಿಂಚೋಳಿಯ ತೊಗರಿ ತಾಂಡೂರಿಗೆ ಬರುತ್ತದೆ, ಇಲ್ಲಿಯದು ಕಲಬುರಗಿಗೆ ಹೋಗುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕರೆ, ತಾಂಡೂರಿನ ತೊಗರಿಗೆ 2022ರಲ್ಲಿ ಸಿಕ್ಕಿತು. ಅದಕ್ಕೆ ಅರ್ಜಿ ಹಾಕಿದ್ದು ಯಾಲಾಲದ ರೈತ ಉತ್ಪಾದಕರ ಕಂಪನಿ. ರೈತರು ತಾವೇ ಕಂಪನಿ ಕಟ್ಟಿ ಕೂತಿದ್ದಾರೆ ಎಂದರೆ, ಅವರಿಗೂ ಸಭೆ ನಡೆಸುವ ವಿದ್ಯೆ ಬೇಕು.

ಹಿಂದೆ ಇದರ ಅಗತ್ಯ ಅಷ್ಟಾಗಿ ಇರಲಿಲ್ಲ. ಸಾಹುಕಾರರು ಗಾದಿಯ ಮೇಲೆ ಕೂತರೆ ಪಕ್ಕದಲ್ಲಿ ಮುನೀಮರು, ಎದುರಿಗೆ ತಕ್ಕಡಿ, ಬಾಗಿಲಲ್ಲಿ ಹಮಾಲರು. ಯಾರು ಏನು ಮಾಡುತ್ತಿದ್ದಾರೆ ಎಂಬುದು ಕೂತಲ್ಲಿಂದಲೇ ಕಾಣುತ್ತಿತ್ತು, ಕಿವಿಗೂ ಬೀಳುತ್ತಿತ್ತು. ಈಗ ಗಿರಣಿ ಊರ ಹೊರಗಿದೆ, ಮಾರಾಟ ಹೈದರಾಬಾದಿನಲ್ಲಿ, ಜಿಎಸ್‌ಟಿ ನೋಡುವವರು ಇನ್ನೊಂದು ಕಡೆ, ಮಗ ಲ್ಯಾಪ್‌ಟಾಪಿನ ಮುಂದೆ. ಮಾತೆಲ್ಲ ಫೋನಿನಲ್ಲಿ, ವಾಟ್ಸ್ಆ್ಯಪಿನಲ್ಲಿ, ಒಬ್ಬರಿಗೊಬ್ಬರು. ಮಾಲೀಕರಿಗೆ ಎಲ್ಲರ ಜೊತೆಗೂ ಮಾತಾಡಿದ ಸಮಾಧಾನ ಇರುತ್ತದೆ. ಆದರೆ ಅವರ ಕೈಕೆಳಗಿನ ಐವರು ಒಬ್ಬರ ಜೊತೆ ಒಬ್ಬರು ಮಾತಾಡಿಯೇ ಇರುವುದಿಲ್ಲ.

ನಾನು ಹತ್ತಿರದಿಂದ ಕಂಡ ಒಂದು ಬೇಳೆ ಗಿರಣಿಯ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ತೊಗರಿಯನ್ನು ಬೇಳೆ ಮಾಡುವುದು ತಾಳ್ಮೆಯ ಕೆಲಸ ಎಂದು ಇಲ್ಲಿಯವರಿಗೆ ಗೊತ್ತು. ಕಾಳು ಹಸನು ಮಾಡಬೇಕು, ಎಮರಿ ರೋಲರಿನಲ್ಲಿ ಮೇಲ್ಸಿಪ್ಪೆಗೆ ಗೀರು ಬೀಳಿಸಬೇಕು, ಎಣ್ಣೆ ಹಚ್ಚಿ ಬಿಸಿಲಿಗೆ ಹರವಬೇಕು, ಆಮೇಲೆ ಒಡೆಯಬೇಕು. ನೂರು ಕ್ವಿಂಟಲ್ ಕಾಳಿಗೆ ಎಪ್ಪತ್ತರ ಮೇಲೆ ಬೇಳೆ ಬಂದರೆ ಸಂತೋಷ. ಉಳಿದದ್ದು ಹೊಟ್ಟು, ನುಚ್ಚು, ಚುನ್ನಿ, ದನದ ಮೇವು. ಆ ಗಿರಣಿಯಲ್ಲಿ ರೋಲರಿನ ಎಮರಿ ಸವೆದಿತ್ತು. ಮಷಿನ್ ನೋಡುವ ಮಿಸ್ತ್ರಿಗೆ ಅದು ಗೊತ್ತಿತ್ತು. ನುಚ್ಚು ಹೆಚ್ಚು ಬೀಳುತ್ತಿರುವುದು ಗೋದಾಮಿನವರಿಗೆ ಗೊತ್ತಿತ್ತು, ಚೀಲ ಎಣಿಸುವವರು ಅವರೇ. ಬೇಳೆಯಲ್ಲಿ ನುಚ್ಚು ಇದೆ ಎಂದು ಹೈದರಾಬಾದಿನ ವ್ಯಾಪಾರಿ ಬಿಲ್ಲಿನಲ್ಲಿ ಕಡಿತ ಮಾಡುತ್ತಿದ್ದದ್ದು ಗುಮಾಸ್ತರಿಗೆ ಗೊತ್ತಿತ್ತು. ಮೂವರಿಗೂ ಮೂರು ತುಂಡು ಗೊತ್ತಿತ್ತು. ಪೂರ್ತಿ ಯಾರಿಗೂ ಗೊತ್ತಿರಲಿಲ್ಲ. ಸೀಸನ್ನು ಮುಗಿದು, ಬ್ಯಾಂಕಿನ ಸಾಲದ ಸಿಸಿ ಖಾತೆ ಮಿತಿ ಮುಟ್ಟಿದ ಮೇಲೆ ಲೆಕ್ಕ ಕೂಡಿಸಿ ನೋಡಿದರು. ಆಗ ಬೆಳಕಿಗೆ ಬಂತು.

ಆ ಗಿರಣಿಯಲ್ಲಿ ವಾರದ ಸಭೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಪ್ರತಿ ಸೋಮವಾರ ಬೆಳಿಗ್ಗೆ, ಪೂಜೆ ಆದ ಮೇಲೆ, ಚಹಾದ ಜೊತೆ. ಮಿಸ್ತ್ರಿ, ಗೋದಾಮಿನವರು, ಗುಮಾಸ್ತರು ಮೂವರೂ ಅದರಲ್ಲಿ ಕೂರುತ್ತಿದ್ದರು. ಒಂದು ಗಂಟೆಯ ಸಭೆಯಲ್ಲಿ ಮುಕ್ಕಾಲು ಗಂಟೆ ಮಾಲೀಕರ ಮಾತು. ಉಳಿದ ಕಾಲು ಗಂಟೆಯಲ್ಲಿ ಒಬ್ಬೊಬ್ಬರೂ ತಮ್ಮ ಕೆಲಸ ಸರಿಯಾಗಿ ನಡೆದಿದೆ ಎಂದು ಒಪ್ಪಿಸಿ ಏಳುತ್ತಿದ್ದರು. ಸುಳ್ಳು ಹೇಳಿದವರು ಯಾರೂ ಇಲ್ಲ. ತಮ್ಮ ತೊಂದರೆಯನ್ನು ದೊಡ್ಡವರ ಮುಂದೆ ಹೇಳುವುದು ತಮ್ಮ ತಪ್ಪು ಒಪ್ಪಿಕೊಂಡ ಹಾಗೆ ಎಂದು ಮೂವರೂ ಭಾವಿಸಿದ್ದರು.

ಸಭೆ ಇದ್ದೂ ಸುದ್ದಿ ಬಾರದೆ ಹೋಗುವ ಈ ರೋಗ ನಮ್ಮ ಗಿರಣಿಗಳಿಗೆ ಮಾತ್ರ ಬಂದದ್ದಲ್ಲ. ಅಮೆರಿಕದ ಫೋರ್ಡ್ ಮೋಟಾರು ಕಂಪನಿ 2006ರಲ್ಲಿ ಮುಳುಗುವ ಹಂತಕ್ಕೆ ಬಂದಿತ್ತು. ಆ ವರ್ಷದ ನಷ್ಟ 1,200 ಕೋಟಿ ಡಾಲರಿಗೂ ಹೆಚ್ಚು. ಸೆಪ್ಟೆಂಬರಿನಲ್ಲಿ ಬೋಯಿಂಗ್ ಕಂಪನಿಯಿಂದ ಆ್ಯಲನ್ ಮುಲಾಲಿ ಎಂಬವರನ್ನು ಮುಖ್ಯಸ್ಥರಾಗಿ ಕರೆತಂದರು. ಅವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಪ್ರತಿ ಗುರುವಾರ ಬೆಳಿಗ್ಗೆ ಎಲ್ಲ ವಿಭಾಗಗಳ ಮುಖ್ಯಸ್ಥರ ಸಭೆ. ಬರಲೇಬೇಕು, ಬದಲಿಗೆ ಇನ್ನೊಬ್ಬರನ್ನು ಕಳಿಸುವ ಹಾಗಿಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸಗಳ ಪಟ್ಟಿಗೆ ಬಣ್ಣ ಹಚ್ಚಿ ತರಬೇಕು: ಸರಿಯಾಗಿ ನಡೆದಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಮೊದಮೊದಲ ಸಭೆಗಳಲ್ಲಿ ಗೋಡೆ ತುಂಬ ಹಸಿರೇ ಹಸಿರು. ಇಷ್ಟು ಕೋಟಿ ನಷ್ಟದಲ್ಲಿರುವ ಕಂಪನಿಯಲ್ಲಿ ಕೆಟ್ಟದ್ದು ಒಂದೂ ಇಲ್ಲವೇ ಎಂದು ಮುಲಾಲಿ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ.

ಕೊನೆಗೆ ಮಾರ್ಕ್ ಫೀಲ್ಡ್ಸ್ ಎಂಬ ಮುಖ್ಯಸ್ಥರು ಒಂದು ಕೆಂಪು ತಂದರು. ಕೆನಡಾದ ಓಕ್‌ವಿಲ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಹೊಸ ಕಾರಿನ ಹಿಂಬಾಗಿಲಲ್ಲಿ ದೋಷ ಕಂಡಿದ್ದರಿಂದ ಅವರು ಗಾಡಿ ಹೊರಬಿಡುವುದನ್ನೇ ತಡೆದಿದ್ದರು. ಕೋಣೆಯಲ್ಲಿದ್ದವರು ಇವರ ನೌಕರಿ ಹೋಯಿತು ಎಂದೇ ತಿಳಿದರು. ಮುಲಾಲಿ ಚಪ್ಪಾಳೆ ತಟ್ಟಿದರು. ಆಮೇಲೆ, ಇವರಿಗೆ ಯಾರು ನೆರವಾಗಬಲ್ಲಿರಿ ಎಂದು ಕೇಳಿದರು. ಒಬ್ಬರು ತಮ್ಮ ಎಂಜಿನಿಯರುಗಳನ್ನು ಕಳಿಸುತ್ತೇನೆ ಎಂದರು, ಇನ್ನೊಬ್ಬರು ಹಿಂದೆ ಇಂಥದ್ದೇ ದೋಷ ಕಂಡಿದ್ದೆ ಎಂದರು. ಮುಂದಿನ ಕೆಲವು ವಾರಗಳಲ್ಲಿ ಎಲ್ಲರ ಪಟ್ಟಿಗಳಲ್ಲೂ ಹಳದಿ, ಕೆಂಪು ಕಾಣಿಸಿಕೊಂಡವು. 2009ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದಾಗ ಫೋರ್ಡ್ ಹಾಕಲಿಲ್ಲ. ಅದಕ್ಕೆ ಮೊದಲೇ ಎತ್ತಿದ್ದ ದೊಡ್ಡ ಸಾಲವೂ ಕಾರಣ, ಬೇರೆ ಕಾರಣಗಳೂ ಉಂಟು. ಆದರೆ ಆ ಗುರುವಾರದ ಸಭೆ ಇಲ್ಲದೆ ಆ ಸಾಲದ ದುಡ್ಡೂ ಸರಿಯಾದ ಕಡೆ ಹೋಗುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಕೆಂಪು ತಂದ ಫೀಲ್ಡ್ಸ್ ಅವರೇ 2014ರಲ್ಲಿ ಮುಲಾಲಿಯವರ ಜಾಗಕ್ಕೆ ಬಂದರು.

ನಾನು ಹೇಳಬೇಕೆಂದು ಬಂದ ಮಾತು ಇದೇ. ವಾರದ ಸಭೆ ಇರುವುದು ಮುಖ್ಯವಾಗಿ ಕೆಟ್ಟ ಸುದ್ದಿ ಬೇಗ ಬರಲಿ ಎಂದು. ಒಳ್ಳೆಯ ಸುದ್ದಿಗೆ ಸಭೆ ಬೇಕಿಲ್ಲ, ಅದು ತಾನಾಗಿ ಓಡಿ ಬರುತ್ತದೆ. ವಾರದೊಳಗೆ ಗೊತ್ತಾದ ತೊಂದರೆಗೆ ಇನ್ನೂ ಮದ್ದಿದೆ. ಎಮರಿ ಸವೆದದ್ದು ಮೊದಲ ಸೋಮವಾರವೇ ಗೊತ್ತಾಗಿದ್ದರೆ ಒಂದು ರೋಲರಿನ ಖರ್ಚಿನಲ್ಲಿ ಮುಗಿಯುತ್ತಿತ್ತು. ಹಾಗಾದರೆ ಎಷ್ಟು ದಿನಕ್ಕೊಮ್ಮೆ ಕೂರಬೇಕು? ರೈತ ಉತ್ಪಾದಕರ ಕಂಪನಿಯ ಆಡಳಿತ ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು ಎಂದು ಕಾಯಿದೆ ಹೇಳುತ್ತದೆ. ಕಾಯಿದೆಗೆ ಅಷ್ಟು ಸಾಕು. ತೊಗರಿಯ ದರಕ್ಕೆ ಸಾಲದು. ಮೂರು ತಿಂಗಳಲ್ಲಿ ಒಂದು ಸೀಸನ್ನೇ ಬಂದು ಹೋಗಿರುತ್ತದೆ. ದಿನಾ ಕೂತರೆ ಕೆಲಸ ಕೆಡುತ್ತದೆ. ನಮ್ಮ ಕಡೆ ಸಂತೆ ವಾರಕ್ಕೊಮ್ಮೆ, ಕೂಲಿಯ ಬಟವಾಡೆ ವಾರಕ್ಕೊಮ್ಮೆ. ಮಾತಿಗೂ ಅದೇ ಗತಿ ಹೊಂದುತ್ತದೆ.

ಕೆಟ್ಟ ಸುದ್ದಿಯನ್ನು ಎಲ್ಲರೆದುರು ಹೇಳುವ ಅಭ್ಯಾಸ ನಮ್ಮ ಕಡೆ ಇಲ್ಲವೇ ಇಲ್ಲ ಎಂದು ಯಾರಾದರೂ ಅಂದರೆ, ಅವರನ್ನು ಜಹೀರಾಬಾದಿನ ಪಕ್ಕದ ಪಸ್ತಾಪುರಕ್ಕೆ ಕರೆದೊಯ್ಯುತ್ತೇನೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಅಲ್ಲಿ 1983ರಲ್ಲಿ ಶುರುವಾಯಿತು. ಅದನ್ನು ಕಟ್ಟಿ ನಡೆಸಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶ್ ನಮ್ಮ ಮೈಸೂರಿನವರು, ದೂರದರ್ಶನದಲ್ಲಿ ಸುಮಾರು ಎರಡು ದಶಕ ದುಡಿದು ಇಲ್ಲಿಗೆ ಬಂದವರು. 2023ರ ಮಾರ್ಚಿನಲ್ಲಿ ತೀರಿಕೊಂಡರು. ಅವರ ಹೆಸರು ದೊಡ್ಡದು, ಆದರೆ ಆ ಸಂಸ್ಥೆಯ ಬಲ ಇರುವುದು ಹಳ್ಳಿಹಳ್ಳಿಯ ಹೆಣ್ಣುಮಕ್ಕಳ ಸಂಘಗಳಲ್ಲಿ. ಬಹುಪಾಲು ದಲಿತ ಹೆಣ್ಣುಮಕ್ಕಳು, ಹಲವರು ಅಕ್ಷರ ಕಲಿಯದವರು. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಹೊತ್ತು ಸಂಘದಲ್ಲಿ ಸೇರುತ್ತಾರೆ. ಬೀಜದ ಬ್ಯಾಂಕು ಅವರದು, ಸಿರಿಧಾನ್ಯದ ಮಾರುಕಟ್ಟೆ ಅವರದು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಶುರುವಾದ ಸಂಘಂ ರೇಡಿಯೋ ಕೂಡ ಅವರದೇ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು.

ತೊಂಬತ್ತರ ದಶಕದಲ್ಲಿ ಅವರು ಬೀಳು ಬಿದ್ದ ನೆಲ ಉಳುಮೆ ಮಾಡಿಸಿ, ಜೋಳ ಬೆಳೆಸಿ, ತಮ್ಮದೇ ಒಂದು ಪಡಿತರ ವ್ಯವಸ್ಥೆ ಮಾಡಿಕೊಂಡರು. ನೆಲದವರಿಗೆ ಉಳುಮೆಗೆ, ಗೊಬ್ಬರಕ್ಕೆ ಸಾಲ. ಅವರು ತೀರಿಸಬೇಕಾದದ್ದು ಜೋಳದಲ್ಲಿ. ಆ ಜೋಳ ಊರ ಬಡವರಿಗೆ ಕಡಿಮೆ ಬೆಲೆಗೆ. ಯಾರು ಬಡವರು ಎಂದು ತೀರ್ಮಾನಿಸಿದ್ದು ಕಚೇರಿಯ ಕಾಗದವಲ್ಲ. ಊರ ಜನರ ನಡುವೆ ನೆಲದ ಮೇಲೆ ಊರಿನ ನಕ್ಷೆ ಬರೆದು, ಒಂದೊಂದು ಮನೆಯನ್ನೂ ಹೆಸರು ಹಿಡಿದು ಹೇಳಿ, ಈ ಮನೆಯಲ್ಲಿ ಎಷ್ಟು ಕಷ್ಟವಿದೆ ಎಂದು ಎಲ್ಲರೆದುರು ತೂಗಿ ನೋಡಿದರು. ಹೆಚ್ಚು ಬಡವರಿಗೆ ಹೆಚ್ಚು ಜೋಳ. ಸಾಲ ಪಡೆದವರು ಹೊಲಕ್ಕೆ ನಿಜವಾಗಿ ಗೊಬ್ಬರ ಹಾಕಿದ್ದಾರೆಯೇ ಎಂದು ಹೋಗಿ ನೋಡಿ ಬರುವ ಹೊಣೆಯೂ ಸಂಘದ ಹೆಣ್ಣುಮಕ್ಕಳದೇ. ನೆರೆಮನೆಯವರ ತಪ್ಪನ್ನು ನೆರೆಮನೆಯವರ ಮುಂದೆಯೇ ಹೇಳಿ, ಮರುದಿನ ಅವರ ಜೊತೆಗೇ ಕಳೆ ಕೀಳಲು ಹೋಗುವುದು ಎಷ್ಟು ಕಷ್ಟ ಎಂದು ಊಹಿಸಿ ನೋಡಿ. ಅದು ಸಾಧ್ಯವಾದದ್ದು ಅಲ್ಲಿ ಸೇರಿದವರೆಲ್ಲ ನೆಲದ ಮೇಲೆ, ಒಂದೇ ಮಟ್ಟದಲ್ಲಿ ಕೂತು, ತಮ್ಮ ಮಾತಿನಲ್ಲೇ ಮಾತಾಡಿದ್ದರಿಂದ.

ಈ ತಮ್ಮ ಮಾತು ಎಂಬುದರ ಮೇಲೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಗಡಿಯಲ್ಲಿರುವ ನಮಗೆ ಇದು ಎಲ್ಲಕ್ಕಿಂತ ಹತ್ತಿರದ ವಿಷಯ. ತಾಂಡೂರಿನ ಒಂದು ಫರಸಿ ಕಾರ್ಖಾನೆಯ ಮೇಜಿನ ಸುತ್ತ ಕಣ್ಣಾಡಿಸಿ. ಮಾಲೀಕರ ಮನೆಮಾತು ಒಂದು, ಖಣಿಯ ಮೇಸ್ತ್ರಿ ಕನ್ನಡದವರು, ಪಾಲಿಶ್ ಮಷಿನಿನವರು ತೆಲುಗಿನವರು, ಲಾರಿಯವರ ಜೊತೆ ಹಿಂದಿ, ಬಜಾರಿನಲ್ಲಿ ಉರ್ದು, ಬ್ಯಾಂಕಿನ ಕಾಗದ ಇಂಗ್ಲಿಷು. ನಿತ್ಯದ ಕೆಲಸ ಈ ಬೆರಕೆಯಲ್ಲೇ ಸಲೀಸಾಗಿ ನಡೆಯುತ್ತದೆ. ಮಗ ಎಂಬಿಎ ಮುಗಿಸಿ ಬಂದು ಸೋಮವಾರದ ಸಭೆಯನ್ನು ಇಂಗ್ಲಿಷ್ ಕಾರ್ಯಸೂಚಿಯಲ್ಲಿ, ಪರದೆಯ ಮೇಲೆ ಚಿತ್ರ ಹಾಕಿ ನಡೆಸತೊಡಗಿದ ದಿನ ಖಣಿಯ ಮೇಸ್ತ್ರಿ ಮೌನವಾಗುತ್ತಾರೆ. ಅವರಿಗೆ ವಿಷಯ ಅರ್ಥವಾಗುವುದಿಲ್ಲ ಎಂದಲ್ಲ. ಹೌದು ಎನ್ನಲು ಯಾವ ಭಾಷೆಯಾದರೂ ನಡೆಯುತ್ತದೆ. ಇಲ್ಲ, ಇದು ಆಗುವುದಿಲ್ಲ, ಕೆಳಗಿನ ಪದರಿನಲ್ಲಿ ಕಲ್ಲು ಬಿರುಕು ಬಿಟ್ಟಿದೆ, ಈ ತಿಂಗಳು ನೀವು ಒಪ್ಪಿಕೊಂಡಷ್ಟು ಅಡಿ ಹೊರಡುವುದಿಲ್ಲ ಎಂದು ವಾದಿಸಲು ಮನೆಯ ಮಾತೇ ಬೇಕು. ಆದ್ದರಿಂದ ಸಭೆಯಲ್ಲಿ ಎಲ್ಲರಿಗಿಂತ ಕಡಿಮೆ ಅಧಿಕಾರ ಇರುವವರು ಯಾವ ಭಾಷೆಯಲ್ಲಿ ಜಗಳ ಮಾಡಬಲ್ಲರೋ ಆ ಭಾಷೆಯಲ್ಲೇ ಸಭೆ ನಡೆಯಲಿ. ಎರಡು ಭಾಷೆ ಬೇಕಾದರೆ ಎರಡರಲ್ಲೂ ನಡೆಯಲಿ. ಠರಾವು ಬರೆಯುವ ಪುಸ್ತಕವೂ ಅವರು ಓದಬಲ್ಲ ಲಿಪಿಯಲ್ಲಿರಲಿ. ಇಂಗ್ಲಿಷಿನಲ್ಲಿ ಬರೆದುಕೊಂಡದ್ದನ್ನು ಬ್ಯಾಂಕಿನವರಿಗೆ ತೋರಿಸಬಹುದು. ಮೇಸ್ತ್ರಿ ಅದಕ್ಕೆ ಮನಸ್ಸಿನಿಂದ ಕಟ್ಟುಬೀಳುವುದಿಲ್ಲ.

ಇನ್ನು ನಡೆಸುವ ರೀತಿ. ಮೊದಲು ಎಷ್ಟು ಜನ ಎಂಬುದು. ಇದಕ್ಕೆ ಕರ್ನಾಟಕದ ಮೈರಾಡ ಸಂಸ್ಥೆಯ ಅನುಭವ ನೆನಪಾಗುತ್ತದೆ. ಎಂಬತ್ತರ ದಶಕದ ನಡುವಿನಲ್ಲಿ ಅವರು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದವು. ಸದಸ್ಯರಿಗೆ ಮುಖಂಡರ ಮೇಲೆ ನಂಬಿಕೆ ಹೋಗಿತ್ತು. ಅದೇ ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಕೂತು, ಸಾಲ ಮರುಪಾವತಿ ಮಾಡುತ್ತೇವೆ, ಆದರೆ ಆ ದೊಡ್ಡ ಸಂಘಕ್ಕೆ ಮಾತ್ರ ಮಾಡುವುದಿಲ್ಲ ಎಂದರು. ಅಲ್ಲಿಂದ ಸ್ವಸಹಾಯ ಸಂಘಗಳು ಬೆಳೆದವು, 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೊಂಡಿತು. ಆ ಸಂಘಗಳು ಇಟ್ಟುಕೊಂಡ, ಗುಂಪಿಗೆ ಇಪ್ಪತ್ತೇ ಮಂದಿ ಎಂಬ ಮಿತಿಗೆ ಆಗಿನ ಕಂಪನಿ ಕಾಯಿದೆಯೂ ಕಾರಣ. ಅದಕ್ಕಿಂತ ಹೆಚ್ಚಿನವರು ಕೂಡಿ ವ್ಯವಹಾರ ಮಾಡಿದರೆ ನೋಂದಣಿ ಬೇಕಿತ್ತು. ಆದರೆ ಕಾಯಿದೆಗಿಂತ ದೊಡ್ಡ ಕಾರಣ, ಸಣ್ಣ ಗುಂಪಿನಲ್ಲಿ ಯಾರೂ ಬೆನ್ನ ಹಿಂದೆ ಅಡಗಿ ಕೂರಲಾರರು. ವ್ಯಾಪಾರದ ಮುಖ್ಯಸ್ಥರ ಸಭೆಗೆ ಇಪ್ಪತ್ತೂ ಹೆಚ್ಚು. ಐದರಿಂದ ಎಂಟು ಸಾಕು. ಅಳಿಯಂದಿರು, ಹಿರಿಯ ಕಾಕಾ ಎಂದು ಮರ್ಯಾದೆಗೆ ಕೂರಿಸಬೇಡಿ. ಕೆಲಸದ ಹೊಣೆ ಇದ್ದವರು ಮಾತ್ರ ಬರಲಿ. ಮರ್ಯಾದೆ ಮಾಡಲು ಮನೆಯಲ್ಲಿ ಬೇಕಾದಷ್ಟು ಸಂದರ್ಭ ಇವೆ.

ಒಂದು ಉದ್ದ ಪುಸ್ತಕ ತನ್ನಿ, ಕೀರ್ದಿಯಂಥದ್ದೇ. ಪುಟದಲ್ಲಿ ಮೂರು ಮನೆ ಗೀಟಿ: ಏನು ಮಾಡಬೇಕು, ಯಾರು ಮಾಡುತ್ತಾರೆ, ಯಾವ ದಿನದೊಳಗೆ. ಸಭೆ ಹೋದ ವಾರದ ಪುಟ ಓದುವುದರಿಂದ ಶುರುವಾಗಲಿ. ಆದದ್ದಕ್ಕೆ ಗೀಟು ಎಳೆಯಿರಿ, ಅದರ ಬಗ್ಗೆ ಮಾತು ಬೇಡ. ಆಗದೆ ಉಳಿದದ್ದರ ಮೇಲೆ ಮಾತ್ರ ಸಮಯ ಕೊಡಿ. ಹೆಸರಿನ ಮನೆಯಲ್ಲಿ ಒಬ್ಬರದೇ ಹೆಸರು ಇರಬೇಕು. ಎಲ್ಲರೂ ಎಂದು ಬರೆದರೆ ಯಾರೂ ಮಾಡುವುದಿಲ್ಲ. ಅಂಕಿಗಳು ನಾಲ್ಕೈದು ಸಾಕು. ಬೇಳೆ ಗಿರಣಿಗಾದರೆ ನೂರಕ್ಕೆ ಎಷ್ಟು ಬೇಳೆ ಬಂತು, ಗೋದಾಮಿನಲ್ಲಿ ಎಷ್ಟು ಚೀಲ, ಉದ್ರಿ ಬಾಕಿ ಎಷ್ಟು ಮತ್ತು ಎಷ್ಟು ದಿನದ್ದು, ಬ್ಯಾಂಕಿನಲ್ಲಿ ಎಷ್ಟು ಉಳಿದಿದೆ, ಮಷಿನ್ ಎಷ್ಟು ಗಂಟೆ ನಿಂತಿತ್ತು. ಇವು ಸಭೆಗೆ ಮೊದಲೇ ಬರೆದು ಮೇಜಿನ ಮೇಲಿರಲಿ. ಬಾಯಿಂದ ಓದಿ ಹೇಳುವುದರಲ್ಲೇ ನಮ್ಮ ಎಷ್ಟೋ ಸಭೆಗಳು ಮುಗಿದುಹೋಗುತ್ತವೆ. ಅಮೆಜಾನ್ ಕಂಪನಿಯಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯರ ಸಭೆಗಳಿಂದ ಪವರ್‌ಪಾಯಿಂಟನ್ನೇ ತೆಗೆಸಿಹಾಕಿ, ಬರಹ ತರಿಸಿ, ಎಲ್ಲರೂ ಮೊದಲು ಸುಮ್ಮನೆ ಕೂತು ಓದುವ ಪದ್ಧತಿ ತಂದರು. ನಮಗೆ ಅಲ್ಲಿಯ ಹಾಗೆ ಆರು ಪುಟ ಬೇಡ, ಅರ್ಧ ಪುಟ ಸಾಕು. ಆದರೆ ಓದಿ ಆದ ಮೇಲೆ ಮಾತು ಎಂಬುದು ನಮಗೂ ಒಪ್ಪುತ್ತದೆ.

ಮಾಲೀಕರು ಕೊನೆಗೆ ಮಾತಾಡಲಿ. ಇದು ಎಲ್ಲಕ್ಕಿಂತ ಕಠಿಣ, ಎಲ್ಲಕ್ಕಿಂತ ಮುಖ್ಯ. ಸಾಹುಕಾರರು ತಮ್ಮ ಅಭಿಪ್ರಾಯ ಮೊದಲೇ ಹೇಳಿಬಿಟ್ಟರೆ ಉಳಿದವರು ಅದಕ್ಕೇ ಹೂಂಗುಟ್ಟುತ್ತಾರೆ. ಎಲ್ಲರಿಗಿಂತ ಕಿರಿಯರಿಂದ ಮಾತು ಶುರುವಾಗಲಿ. ಮೊದಲ ಬಾರಿ ಯಾರಾದರೂ ಕೆಟ್ಟ ಸುದ್ದಿ ತಂದಾಗ ಮಾಲೀಕರ ಮುಖವನ್ನು ಎಲ್ಲರೂ ನೋಡುತ್ತಿರುತ್ತಾರೆ. ಆ ಒಂದು ಗಳಿಗೆಯಲ್ಲಿ ಸಿಟ್ಟು ಬಂದರೆ ಮುಂದಿನ ಒಂದು ವರ್ಷದ ಸಭೆಗಳು ವ್ಯರ್ಥ. ಯಾಕೆ ಹೀಗಾಯಿತು ಎಂಬುದಕ್ಕೆ ಮೊದಲು, ಈಗ ಏನು ನೆರವು ಬೇಕು ಎಂದು ಕೇಳಿ. ಕಳ್ಳತನ, ಮೋಸ ಬೇರೆ. ಅದನ್ನು ಒಬ್ಬರನ್ನೇ ಕರೆದು ಮಾತಾಡಿ. ಸಂಬಳದ ವಿಷಯ, ಅಣ್ಣತಮ್ಮಂದಿರ ಪಾಲಿನ ವಿಷಯ ಸೋಮವಾರದ ಮೇಜಿಗೆ ಬರಲೇಬಾರದು.

ಸಣ್ಣ ವಿಷಯ ದೊಡ್ಡದನ್ನು ನುಂಗದ ಹಾಗೆಯೂ ನೋಡಿಕೊಳ್ಳಬೇಕು. ಇಂಗ್ಲೆಂಡಿನ ಲೇಖಕ ಪಾರ್ಕಿನ್ಸನ್ ಐವತ್ತರ ದಶಕದಲ್ಲೇ ಇದನ್ನು ಬರೆದಿದ್ದಾರೆ: ಸಮಿತಿಯೊಂದು ಒಂದು ಕೋಟಿ ಪೌಂಡಿನ ಅಣುಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ನಿಲ್ಲಿಸುವ ಛಾವಣಿಗೆ ಮುಕ್ಕಾಲು ಗಂಟೆ ವಾದಿಸುತ್ತದೆ. ಅಣುಸ್ಥಾವರ ಯಾರಿಗೂ ತಿಳಿಯದು, ಛಾವಣಿ ಎಲ್ಲರಿಗೂ ತಿಳಿಯುತ್ತದೆ. ನಮ್ಮಲ್ಲೂ ಹಾಗೆಯೇ. ಹೊಸ ಕಲರ್ ಸಾರ್ಟರ್ ಮಷಿನಿಗೆ ಸಾಲ ಮಾಡಬೇಕೇ ಎಂಬುದು ಐದು ನಿಮಿಷದಲ್ಲಿ ಮುಗಿದು, ದಸರೆಗೆ ಸಿಹಿ ಯಾವ ಅಂಗಡಿಯಿಂದ ತರಿಸಬೇಕು ಎಂಬುದು ಅರ್ಧ ಗಂಟೆ ಎಳೆಯುತ್ತದೆ. ದೊಡ್ಡ ಸಾಲ, ಹೊಸ ಜಾಗ, ಹೊಸ ಪೇಟೆ ಇವಕ್ಕೆ ತಿಂಗಳಿಗೊಂದು ಬೇರೆ ದಿನ ಇಡಿ. ವಾರದ ಸಭೆ ವಾರದ ಕೆಲಸಕ್ಕೆ. ಒಂದು ಗಂಟೆ ಮೀರಬಾರದು. ಇಂಟೆಲ್ ಕಂಪನಿಯನ್ನು ಕಟ್ಟಿ ಬೆಳೆಸಿದವರಲ್ಲಿ ಒಬ್ಬರಾದ ಆ್ಯಂಡಿ ಗ್ರೋವ್ 1983ರ ತಮ್ಮ ಪುಸ್ತಕದಲ್ಲಿ, ಕಚೇರಿಯ ಯಂತ್ರ ಕದಿಯಲು ಯಾರಿಗೂ ಬಿಡುವುದಿಲ್ಲ, ಹಾಗೆಯೇ ಸಹೋದ್ಯೋಗಿಗಳ ಸಮಯ ಕದಿಯಲೂ ಬಿಡಬಾರದು ಎಂಬ ಅರ್ಥದಲ್ಲಿ ಬರೆದಿದ್ದಾರೆ. ಗೇಟಿನಲ್ಲಿ ಲಾರಿ ನಿಲ್ಲಿಸಿಕೊಂಡು ಸಭೆಯಲ್ಲಿ ಕೂತ ಗುಮಾಸ್ತರಿಗೆ ಈ ಮಾತಿನ ಬೆಲೆ ಚೆನ್ನಾಗಿ ಗೊತ್ತು.

ಕೊನೆಯದಾಗಿ ಸೀಸನ್ನಿನ ವಿಷಯ. ಡಿಸೆಂಬರ್ ಮುಗಿಯುತ್ತ ಹೊಸ ತೊಗರಿ ಬರಲು ಶುರುವಾದರೆ ಯಾರಿಗೂ ಕೂರಲು ಬಿಡುವಿರುವುದಿಲ್ಲ, ಸಂಕ್ರಾಂತಿ ಆದ ಮೇಲೆ ನೋಡೋಣ ಎಂದು ಸಭೆ ಬಿಡುತ್ತಾರೆ. ಮಾರ್ಚಿನಲ್ಲಿ ಮತ್ತೆ ಶುರು ಮಾಡುವ ಹೊತ್ತಿಗೆ ವರ್ಷದ ಲಾಭ ನಷ್ಟ ತೀರ್ಮಾನವಾಗಿ ಹೋಗಿರುತ್ತದೆ. ಆ ಎರಡು ಮೂರು ತಿಂಗಳಲ್ಲೇ ಸಭೆ ತಪ್ಪಿಸಬಾರದು. ಬೇಕಾದರೆ ಇಪ್ಪತ್ತು ನಿಮಿಷಕ್ಕೆ ಇಳಿಸಿ, ಗೋದಾಮಿನಲ್ಲಿ ತಕ್ಕಡಿಯ ಪಕ್ಕ ನಿಂತೇ ಮಾಡಿ. ಮಾಲೀಕರು ಹೈದರಾಬಾದಿಗೆ ಹೋಗಿದ್ದರೂ ನಡೆಯಲಿ. ಆ ದಿನ ಗುಮಾಸ್ತರು ಪುಸ್ತಕ ಓದಲಿ. ಬಂದ ಮೇಲೆ ಮಾಲೀಕರು ಪುಟ ನೋಡಿ ಸಹಿ ಮಾಡಲಿ. ತಾವಿಲ್ಲದಾಗ ಆದ ಠರಾವು ಒಪ್ಪಿಗೆಯಾಗದಿದ್ದರೆ ಅದನ್ನು ಫೋನಿನಲ್ಲಿ ರದ್ದು ಮಾಡದೆ, ಮುಂದಿನ ಸೋಮವಾರ ಸಭೆಯ ಎಲ್ಲರೆದುರು ಕಾರಣ ಹೇಳಿ ಬದಲಾಯಿಸಲಿ.